ನೆಲ್ಲಿನ ಬೇರಿಗೆ ಒತ್ತೆಯಿಟ್ಟ ಮೀಸೆ

ಪಾಮನಕಲ್ಲೂರಿನ ಎರೆ ಹೊಲಗಳಲ್ಲಿ ಯಮನೂರಮ್ಮನ ಹಿಮ್ಮಡಿಯ ಏಟು ತಿನ್ನದ ಮೆಣಸಿನ ಗಿಡ ಇರಲಿಲ್ಲ. ಮಕ್ಕಳಾಗಲಿಲ್ಲವೆಂದು ಅವಳ ತಂದೆತಾಯಿ ಎರಡೂ ಮತದವರು ನಡೆದುಕೊಳ್ಳುವ ಯಮನೂರಪ್ಪನಿಗೆ ಹರಕೆ ಹೊತ್ತು ಪಡೆದ ಮಗಳು ಅವಳು. ಹರಕೆ ಹೊತ್ತವರು ಅವರಿಬ್ಬರೇ, ಇಂದಿಗೂ ತೀರಿಸುತ್ತಿರುವವರು ಮಾತ್ರ ಊರಿನವರೆಲ್ಲ ಎಂದು ಅವಳ ಗೆಳತಿ ಮೆಹಬೂಬ್‌ಬೀ ಹೇಳುತ್ತಿದ್ದಳು. ಇಬ್ಬರೂ ಒಂದೇ ಓಣಿಯವರು, ಒಂದೇ ಗುಂಪಿನಲ್ಲಿ ಕೂಲಿಗೆ ಹೋಗುವವರು. ಗುಂಪಿಗೆ ಯಮನೂರಮ್ಮನೇ ಮುಂದಾಳು. ಯಾರೂ ಆರಿಸಿದ್ದಲ್ಲ. ಅವಳು ಮುಂದೆ ನಡೆದಳು, ಉಳಿದವರು ಬೈಸಿಕೊಳ್ಳುತ್ತ ಹಿಂದೆ ನಡೆದರು, ಅಷ್ಟೆ.

ಮೆಣಸಿನ ಅಗಿ, ಅಂದರೆ ಮಡಿಯಿಂದ ಕಿತ್ತು ತಂದ ಎಳೆ ಸಸಿ, ಹಚ್ಚುವುದರಲ್ಲಿ ಅವಳದು ಒಂದು ಕ್ರಮ. ಮಳೆ ಬಿದ್ದು ಮೇಲಿನ ಮಣ್ಣು ತುಸು ಆರಿದ ಮೇಲೆ ಕುರಪಿಯಿಂದ ಕುಣಿ ತೋಡಬೇಕು. ಹಸಿ ಸಿಗುವ ತನಕ ತೋಡಬೇಕು. ಬೇರು ಮಡಚದಂತೆ ಅಗಿಯನ್ನು ಇಳಿಬಿಟ್ಟು ಮಣ್ಣು ಎಳೆದು ಹಿಮ್ಮಡಿಯಿಂದ ಒಂದು ಸಲ ಒತ್ತಬೇಕು. ಆಮೇಲೆ ಬಗ್ಗಿ ಒಂದು ಎಲೆ ಹಿಡಿದು ಜಗ್ಗಬೇಕು. ಎಲೆ ಹರಿದು ಕೈಗೆ ಬಂದು ಗಿಡ ನೆಲದಲ್ಲೇ ಉಳಿದರೆ ಹಚ್ಚಿದ್ದು ಸರಿ. ಗಿಡವೇ ಕೈಗೆ ಬಂದರೆ ಹಚ್ಚಿದವಳ ತವರುಮನೆಯ ಉದ್ಧಾರ ಅಲ್ಲೇ ಆಗುತ್ತಿತ್ತು.

"ಬೇರು ಅಂದ್ರ ಗೂಟ ಇದ್ದಂಗ ಬೇ. ಗೂಟ ಸಡ್ಲ ಬಿಟ್ರ ಎಮ್ಮಿ ಯಾರ ಹೊಲದಾಗ ಇರತೈತಿ ಹೇಳು," ಎನ್ನುತ್ತಿದ್ದಳು.

ಗಟ್ಟಿಯಾಗಿ ಒತ್ತುವುದು ಅವಳಿಗೆ ಹೊಲದಲ್ಲಿ ಮಾತ್ರ ಇದ್ದ ಚಟವಲ್ಲ. ಡಬ್ಬಿಯ ಮುಚ್ಚಳ ಅವಳು ಹಾಕಿದರೆ ಇನ್ನೊಬ್ಬರು ತೆಗೆಯುವ ಹಾಗಿರಲಿಲ್ಲ. ಅವಳು ಕಟ್ಟಿಕೊಟ್ಟ ಬುತ್ತಿಯ ಗಂಟನ್ನು ಗಂಡ ಪಂಪಣ್ಣ ಅಡವಿಯಲ್ಲಿ ಕುಳಿತು ಹಲ್ಲಿನಿಂದ ಬಿಚ್ಚುತ್ತಿದ್ದ.

ಪಂಪಣ್ಣ ಕುರಿ ಕಾಯುವವನು. ಮೆತ್ತಗಿನ ಮನುಷ್ಯ. ಮೈಮೇಲೆ ಗಟ್ಟಿಯಾದದ್ದು ಅಂತ ಇದ್ದದ್ದು ಮೀಸೆ ಒಂದೇ. ಅದು ಮೂಗಿನ ಕೆಳಗೆ ಹುಟ್ಟಿ, ಎರಡೂ ಗಲ್ಲ ದಾಟಿ, ಕಿವಿಯ ಸುದ್ದಿ ವಿಚಾರಿಸಿ ಮೇಲಕ್ಕೆ ತಿರುಗುತ್ತಿತ್ತು. ಲಿಂಗಸುಗೂರಿನ ಸಂತೆಯಲ್ಲಿ ಅವನು ಕುರಿ ಮಾರುವಾಗ ಬಾಯಿ ಬಿಡುತ್ತಿರಲಿಲ್ಲ. ವ್ಯಾಪಾರಿ ಒಂದು ದರ ಹೇಳಿದರೆ ಇವನು ಮೀಸೆಯ ತುದಿ ತಿರುವುತ್ತಿದ್ದ. ಇನ್ನೊಂದು ದರ ಹೇಳಿದರೆ ಇನ್ನೊಂದು ತುದಿ ತಿರುವುತ್ತಿದ್ದ. ಅಲ್ಲಿಂದ ಗುರುಗುಂಟಾದ ತನಕ ಅವನಿಗೆ ಮೀಸಿ ಪಂಪಣ್ಣ ಎಂದೇ ಹೆಸರು. ಮನೆಯಲ್ಲಿ ಮಾತ್ರ ಆ ಮೀಸೆಯ ಆಟ ನಡೆಯುತ್ತಿರಲಿಲ್ಲ. ಅದಕ್ಕೆ ಹಚ್ಚುವ ಹರಳೆಣ್ಣೆಯನ್ನು ಕೂಡ ಹೆಂಡತಿಯನ್ನು ಕೇಳಿ ತೆಗೆದುಕೊಳ್ಳಬೇಕಿತ್ತು. ಆ ಮನೆಯಲ್ಲಿ ಯಮನೂರಮ್ಮ ಹೆದರಿದ್ದು ಅತ್ತೆಯೊಬ್ಬಳಿಗೆ, ಅವಳು ಈಗ ಇರಲಿಲ್ಲ.

ಆ ವರ್ಷ ಊರಿನ ರೈತರೆಲ್ಲ ಮಾತಾಡಿಕೊಂಡವರಂತೆ ಹತ್ತಿ, ತೊಗರಿ ಬಿತ್ತಿಬಿಟ್ಟರು. ಬೀಜ ಊರುವ ಬೆಳೆಗೆ ಅಗಿ ಹಚ್ಚುವವರ ಹಂಗಿಲ್ಲ. ಹೆಂಗಸರು ಕಟ್ಟೆಯ ಮೇಲೆ ಕುಳಿತು ಒಬ್ಬರ ತಲೆ ಒಬ್ಬರು ನೋಡುತ್ತಿದ್ದಾಗ ಮೆಹಬೂಬ್‌ಬೀಯ ಮೈದುನ ಅಲ್ಲಾಭಕ್ಷ್ ತನ್ನ ಮೂರು ಗಾಲಿಯ ಟಂಟಂ ಗಾಡಿ ತಂದು ನಿಲ್ಲಿಸಿದ.

"ಸಿಂಧನೂರು ಕಡೆ ಕಾಲುವಿಗೆ ನೀರು ಬಿಟ್ಟಾರ. ಎಲ್ಲಾರ್ದೂ ನೆಲ್ಲು ಹಚ್ಚೋದು ಒಮ್ಮಿಗೇ ಬಂದೈತಿ. ಆರ್.ಎಚ್. ಕ್ಯಾಂಪಿನಾಗ ಆಳು ಸಿಗವಲ್ದು. ಬರ್ತೀರೇನು?"

"ನೆಲ್ಲು ನಾವು ಉಂಡೀವಿ, ಹಚ್ಚಿಲ್ಲಪ್ಪಾ," ಎಂದಳು ಮೆಹಬೂಬ್‌ಬೀ.

"ಹಚ್ಚೋದ್ರಾಗ ಏನೈತಿ," ಎಂದಳು ಯಮನೂರಮ್ಮ. "ಮ್ಯಾಲ ಎಲಿ, ಕೆಳಗ ಬೇರು. ತಲಿಕೆಳಗ ಮಾಡ್ಲಿಲ್ಲಾಂದ್ರ ಆತು."

ಮರುದಿನ ಬೆಳಿಗ್ಗೆ ಟಂಟಂ ಹೊರಟಿತು. ಮುಂದಿನ ಗಾಜಿನ ಮೇಲೆ ಯಮನೂರಪ್ಪನ ಫೋಟೋ, ಅದಕ್ಕೆ ಪ್ಲಾಸ್ಟಿಕ್ ಹಾರ. ಹೆಂಗಸರು ಹಿಂದೆ ಒಬ್ಬರ ಮೊಣಕಾಲು ಇನ್ನೊಬ್ಬರ ಪಕ್ಕೆಗೆ ಚುಚ್ಚುವ ಹಾಗೆ ತುಂಬಿಕೊಂಡಿದ್ದರು. ಮಸ್ಕಿಯ ಗುಡ್ಡ ಕಂಡಾಗ ಎಲ್ಲರೂ ಮಲ್ಲಯ್ಯನಿಗೆ ಕೈ ಮುಗಿದರು. ಯಮನೂರಮ್ಮನಿಗೆ ಕೈ ಬಿಡಿಸಿಕೊಳ್ಳಲು ಜಾಗವಿರಲಿಲ್ಲ.

"ಮಲ್ಲಯ್ಯಾ, ನೀ ಗುಡ್ಡದ ಮ್ಯಾಲ ಗಾಳಿಗೆ ಅರಾಮ ಕುಂತೀ. ಒಂದಿನ ಇಳಿದು ಬಂದು ನಮ್ಮ ಕೂಡ ರಾಡ್ಯಾಗ ಬಗ್ಗು. ಸಂಜಿಕ ನಿನ್ನ ಸೊಂಟದ ಸುದ್ದಿ ಕೇಳ್ತೀನಿ, ಆಮ್ಯಾಲ ಕೈ ಮುಗೀತೀನಿ," ಎಂದಳು.

ಅವರು ಹೋದದ್ದು ಶೋಭಾರಾಣಿ ಮಂಡಲ್ ಎಂಬ ಮುದುಕಿಯ ಗದ್ದೆಗೆ. ಬಂಗಾಲದ ಕಡೆಯ ನಿರಾಶ್ರಿತರಿಗೆಂದು ಆ ಕ್ಯಾಂಪು ಹುಟ್ಟಿದಾಗ ಎಳೆಯ ಸೊಸೆಯಾಗಿ ಅಲ್ಲಿಂದ ಬಂದವಳು. ಈಗ ಇಲ್ಲಿಯವರಂತೆಯೇ ಕನ್ನಡ ಮಾತಾಡುತ್ತಿದ್ದಳು, ಬೈಯುವುದಿದ್ದರೆ ಮಾತ್ರ ಬಂಗಾಲಿ. ಗದ್ದೆಯಲ್ಲಿ ಆಗಲೇ ಇನ್ನೊಂದು ಗುಂಪು ಇಳಿದಿತ್ತು. ಅವರು ಕಾಲುವೆ ಕಡೆಯ ಹೆಂಗಸರು, ಹುಟ್ಟಿದಾಗಿನಿಂದ ನೆಲ್ಲು ಹಚ್ಚಿದವರು. ಅವರ ಮುಂದಾಳು ಲಕ್ಷ್ಮಿದೇವಿ, ಯಮನೂರಮ್ಮನಿಗಿಂತ ವಯಸ್ಸಿನಲ್ಲಿ ಚಿಕ್ಕವಳು, ಗಾತ್ರದಲ್ಲಿ ಅಲ್ಲ. ಶೋಭಾರಾಣಿ ಗದ್ದೆಯ ನಡುವೆ ಹಗ್ಗ ಎಳೆಸಿದಳು. ಅತ್ತ ಅರ್ಧ ಲಕ್ಷ್ಮಿದೇವಿಯ ಗುಂಪಿಗೆ, ಇತ್ತ ಅರ್ಧ ಪಾಮನಕಲ್ಲೂರಿನವರಿಗೆ. ಆಮೇಲೆ ಅವಳು ಮಡಿಯಿಂದ ಸಸಿ ಕೀಳಿಸುವ ಕಡೆ ಹೋದಳು.

ಲಕ್ಷ್ಮಿದೇವಿ ಬಗ್ಗಿದವಳು ಬಗ್ಗಿದಂತೆಯೇ ಹೇಳಿದಳು: "ಅಕ್ಕಾ, ಬೆರಳಿನ ತುದೀಲೆ ಮ್ಯಾಲ ಮ್ಯಾಲ ಹಚ್ರಿ. ಆಳ ಬ್ಯಾಡ."

ಯಮನೂರಮ್ಮ ಅತ್ತ ನೋಡಿದಳು. ಅವರು ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದು, ಬಲಗೈಯ ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ನಾಲ್ಕಾರು ಎಸಳು ಬಿಡಿಸಿ, ಕೆಸರನ್ನು ಮುಟ್ಟಿದಂತೆ ಮಾಡಿ ಹಿಂದೆ ಸರಿಯುತ್ತಿದ್ದರು. ದೇವರಿಗೆ ಹೂವು ಏರಿಸಿದ ಹಾಗೆ. ಒತ್ತುವುದಿಲ್ಲ, ಜಗ್ಗಿ ನೋಡುವುದಿಲ್ಲ. ಕೂಲಿ ಕೆಲಸಕ್ಕೆ ಬಂದವರೋ ಪೂಜೆಗೆ ಬಂದವರೋ ಅವಳಿಗೆ ತಿಳಿಯಲಿಲ್ಲ.

"ಅವರ ಕೈ ನೋಡಬ್ಯಾಡ್ರಿ, ಕೆಡ್ತೀರಿ," ಎಂದು ತನ್ನವರಿಗೆ ಹೇಳಿದಳು. "ಇಷ್ಟು ಸಡಿಲ ರಾಡಿ ಐತಿ. ಇಲ್ಲಿ ಡಬಲ್ ಒತ್ತಬೇಕು."

ಕೆಸರಿನಲ್ಲಿ ಹಿಮ್ಮಡಿ ನಡೆಯುವುದಿಲ್ಲ. ಅದಕ್ಕೆ ಅವಳು ಮುಷ್ಟಿ ತಂದಳು. ಸಸಿಯ ಬೇರನ್ನು ಹಿಡಿದು ಮಣಿಕಟ್ಟು ಮುಳುಗುವ ತನಕ ಇಳಿಸಿ, ಸುತ್ತಲಿನ ಕೆಸರನ್ನು ಮುಷ್ಟಿಯಿಂದ ಗುದ್ದಿ ಕೂರಿಸಿದಳು. ಉಳಿದವರೂ ಗುದ್ದಿದರು. ಮಧ್ಯಾಹ್ನದ ಹೊತ್ತಿಗೆ ಹಗ್ಗದ ಇತ್ತಕಡೆ ಕಳ್ಳನನ್ನು ಹಿಡಿದು ಹೊಡೆಯುವ ಸಪ್ಪಳ ಕೇಳುತ್ತಿತ್ತು.

ಸಂಜೆ ಎದ್ದು ನಿಂತು ನೋಡಿದಾಗ ಅವಳಿಗೆ ಎದೆ ತುಂಬಿತು. ಇತ್ತಕಡೆಯ ಸಸಿಗಳು ನೆಟ್ಟಗೆ, ಸಾಲು ಸಾಲಾಗಿ ನಿಂತಿದ್ದವು. ಅತ್ತಕಡೆ ಗಾಳಿಗೆ ಒಂದು ಸಸಿ ಪೂರ್ವಕ್ಕೆ ವಾಲಿತ್ತು, ಇನ್ನೊಂದು ಪಶ್ಚಿಮಕ್ಕೆ. ನಾಲ್ಕಾರು ನೀರಿನ ಮೇಲೆ ತೇಲುತ್ತಿದ್ದವು. ಶೋಭಾರಾಣಿ ಬಂದು ಇತ್ತಕಡೆ ನೀರಿನೊಳಗೆ ಕೈ ಇಳಿಬಿಟ್ಟು ತಡಕಿದಳು. "ಬಾಳ ಆಳ ಇಳಿಸೀರಿ," ಎಂದಳು.

"ಹೌದ್ರೀ, ನಮ್ಮ ಕೈ ಹಂಗ," ಎಂದು ಯಮನೂರಮ್ಮ ಹಿಗ್ಗಿದಳು.

ಮುದುಕಿ ಬಂಗಾಲಿಯಲ್ಲಿ ಏನೋ ಅಂದು, "ಹಚ್ಚಿದ್ದು ಹಚ್ಚಿದ್ದಾತು, ನೋಡೋಣ," ಎಂದು ಮನೆಯ ಕಡೆ ನಡೆದಳು.

ಅಲ್ಲಿಗೆ ಸುಮ್ಮನಾಗಿದ್ದರೆ ಈ ಕತೆ ಇರುತ್ತಿರಲಿಲ್ಲ. ಯಮನೂರಮ್ಮ ಹಗ್ಗ ದಾಟಿ ಲಕ್ಷ್ಮಿದೇವಿಯ ಕಡೆಯ ಒಂದು ಸಸಿಯ ಎಲೆ ಹಿಡಿದು ಜಗ್ಗಿದಳು. ಬೇರು ಸಮೇತ ಕೈಗೆ ಬಂತು.

"ನೋಡ್ರವಾ, ನೋಡ್ರಿ. ಇವ್ರು ನೆಲ್ಲು ಹಚ್ಚಿಲ್ಲ, ನೀರಾಗ ಬಿಟ್ಟಾರ. ಹೊಲ ನೋಡಿದ್ರ ಕುಡುಕರು ಲಗ್ನದ ಮೆರವಣಿಗಿಗೆ ಹೊಂಟಂಗ ಐತಿ."

ಲಕ್ಷ್ಮಿದೇವಿ ಕಾಲಿನ ಕೆಸರು ತೊಳೆಯುತ್ತಿದ್ದಳು. "ಕಳೆ ತೆಗ್ಯಾಕ ಬರ್ತೀರಲ್ಲಕ್ಕಾ, ಅವತ್ತು ಮಾತಾಡೋಣು. ಅವತ್ತು ನಮ್ಮದು ನಿಂತಿರ್ತದೋ ನಿಮ್ಮದೋ."

"ಪಣ ಕಟ್ತೀಯೇನು?"

"ಏನ್ ಕಟ್ತಿ? ಗಂಡಸರಾಗಿದ್ರ ಮೀಸಿ ಕಟ್ತಿದ್ರು. ನಿನ್ನ ಹತ್ರ ಏನೈತಿ?"

"ನನ್ನ ಮಾರಿ ಮ್ಯಾಲ ಇಲ್ಲಾಂದ್ರೇನಾತು, ಮನ್ಯಾಗ ಒಂದು ಐತಿ," ಎಂದಳು ಯಮನೂರಮ್ಮ. "ನಾ ಸೋತ್ರ ನಿನ್ನ ಮುಂದ ಕುಂಡ್ರಿಸಿ ಬೋಳಿಸ್ತೀನಿ."

ಎರಡೂ ಗುಂಪಿನವರು ನಕ್ಕು ಕೆಸರಿನಲ್ಲಿ ಕುಸಿದರು. ನಗು ಮುಗಿದ ಮೇಲೆ ಲಕ್ಷ್ಮಿದೇವಿ ಲೆಕ್ಕ ಸರಿ ಮಾಡಿದಳು. ತಾನು ಸೋತರೆ ಈ ಹಂಗಾಮಿನುದ್ದಕ್ಕೂ ಪಾಮನಕಲ್ಲೂರಿನವರ ಬುತ್ತಿಗಂಟುಗಳನ್ನು ತಲೆಯ ಮೇಲೆ ಹೊರಬೇಕು. ಯಮನೂರಮ್ಮ ಸೋತರೆ ಮೀಸೆ. ಸೋತು ಮೀಸೆ ಕೊಡದಿದ್ದರೆ ಕಾಲುವೆಯ ಕಡೆ ಅವರ ಟಂಟಂ ಕಾಣಬಾರದು. ಇದು ಬರಿ ಮಾತಲ್ಲ. ಕ್ಯಾಂಪುಗಳಲ್ಲಿ ಯಾವ ಗದ್ದೆಗೆ ಯಾವ ಗುಂಪು ಎನ್ನುವುದು ಲಕ್ಷ್ಮಿದೇವಿಯ ಬಾಯಿಂದಲೇ ಹೊರಡುತ್ತಿತ್ತು. ಯಮನೂರಮ್ಮನಿಗೆ ಅದು ಗೊತ್ತಿತ್ತು. ಆದರೂ "ಹೂಂ" ಅಂದಳು. ಗೆಲ್ಲುವವಳಿಗೆ ಹೂಂ ಅನ್ನಲು ಏನು ಖರ್ಚು.

ಮನೆಗೆ ಬಂದು ಗಂಡನಿಗೆ ಹೇಳಲಿಲ್ಲ. ಬೇರೆಯವರ ಗದ್ದೆಯ ಸುದ್ದಿ ಅವನಿಗೆ ಯಾಕೆ ಎಂದುಕೊಂಡಳು.

ಕಳೆ ತೆಗೆಯಲು ಕರೆ ಬಂದಾಗ ಟಂಟಂನಲ್ಲಿ ಮುಂದೆ ಕುಳಿತಳು, ತನ್ನ ಗದ್ದೆಯನ್ನು ತಾನೇ ಮೊದಲು ನೋಡಬೇಕೆಂದು. ಕಾಲುವೆಯ ಏರಿ ಹತ್ತಿದ್ದೇ ಗದ್ದೆ ಕಂಡಿತು. ಒಂದೇ ಗದ್ದೆಗೆ ಎರಡು ಬಣ್ಣ. ಅತ್ತ ಅರ್ಧ ಕಪ್ಪು ಹಸಿರು. ಒಂದೊಂದು ಬುಡವೂ ಹೊಸ ಎಸಳುಗಳ ಮರಿ ಒಡೆದು ಹಿಡಿಗೆ ಸಿಗದಷ್ಟು ದಪ್ಪವಾಗಿ, ನಡುವೆ ನೀರು ಕಾಣದ ಹಾಗೆ ಹರಡಿತ್ತು. ಇತ್ತ ಅರ್ಧ ಹಳದಿ. ಹಚ್ಚಿದ ದಿನ ಎಷ್ಟು ಎಸಳು ಇದ್ದವೋ ಹೆಚ್ಚುಕಡಿಮೆ ಅಷ್ಟೇ, ಫೋಟೋ ತೆಗೆಸಿಕೊಳ್ಳಲು ನಿಂತವರ ಹಾಗೆ ನೆಟ್ಟಗೆ, ಅಲ್ಲಾಡದೆ ನಿಂತಿದ್ದವು. ನಡುವಿನ ನೀರಿನಲ್ಲಿ ಆಕಾಶ ಚೆನ್ನಾಗಿ ಕಾಣುತ್ತಿತ್ತು.

"ನೆಟ್ಟಗಂತೂ ನಿಂತಾವ," ಎಂದಳು ಮೆಹಬೂಬ್‌ಬೀ.

ಉಳಿದವರು ಕ್ಯಾಂಪಿನ ಅಂಗಡಿಯಲ್ಲಿ ಚಹಾ ಕುಡಿಯುವಾಗ ಯಮನೂರಮ್ಮ ಒಬ್ಬಳೇ ಗದ್ದೆಗೆ ಇಳಿದಳು. ಬಾಯಿ ಏನೇ ಹೇಳಲಿ, ಅವಳ ಕೈಗೆ ಸುಳ್ಳು ಗೊತ್ತಿರಲಿಲ್ಲ. ತಾನು ಹಚ್ಚಿದ ಒಂದು ಬುಡ ಕಿತ್ತಳು. ಹಗ್ಗವಿದ್ದ ಗುರುತು ದಾಟಿ ಲಕ್ಷ್ಮಿದೇವಿ ಹಚ್ಚಿದ ಒಂದು ಬುಡ ಕೀಳಹೋದಳು, ಅದು ಬರಲಿಲ್ಲ. ಎರಡೂ ಕೈ ಹಾಕಿ ಕಾಲು ಊರಿ ಜಗ್ಗಿದಾಗ ಕೆಸರು ಬಾಯಿ ಬಿಟ್ಟು ಸಪ್ಪಳ ಮಾಡಿ ಕೊಟ್ಟಿತು. ಎರಡನ್ನೂ ಗದ್ದೆಯ ನೀರಿನಲ್ಲಿ ಅದ್ದಿ ತೊಳೆಯುತ್ತಿದ್ದಳು.

"ಏನ್ ಕಿತ್ತಿದಿ?" ಬದುವಿನ ಮೇಲೆ ಶೋಭಾರಾಣಿ ನಿಂತಿದ್ದಳು.

"ಕಳೆರೀ ಅಮ್ಮಾ."

"ಅದು ನನ್ನ ನೆಲ್ಲು."

"ಇದೊಂದು ಕಳೆ ಇದ್ದಂಗ ಐತ್ರಿ," ಎಂದು ಯಮನೂರಮ್ಮ ತನ್ನ ಕಡೆಯ ಬುಡವನ್ನು ಎತ್ತಿ ತೋರಿಸಿದಳು.

ಮುದುಕಿ ಬದುವಿನ ಮೇಲೆ ಕುಳಿತು ಎರಡನ್ನೂ ತೊಡೆಯ ಮೇಲೆ ಹಾಕಿಕೊಂಡಳು. ಲಕ್ಷ್ಮಿದೇವಿಯ ಬುಡದ ಬೇರುಗಳು ಒತ್ತಾಗಿ, ಮುದುಕನ ಗಡ್ಡದ ಹಾಗೆ ಇಳಿದಿದ್ದವು. ಕೆಲವು ಬೆಳ್ಳಗೆ, ಕೆಲವಕ್ಕೆ ತುಕ್ಕಿನ ಬಣ್ಣ. ಯಮನೂರಮ್ಮನದು ಬೇರೆ ತರ. ತೀರ ಕೆಳಗೆ ಅವಳು ಮುಷ್ಟಿಯಿಂದ ಗುದ್ದಿ ಕೂರಿಸಿದ ಬೇರು ಕರ್ರಗಾಗಿ ಮೆತ್ತಗಾಗಿತ್ತು, ಕೆಟ್ಟ ತತ್ತಿಯ ವಾಸನೆ. ಅಲ್ಲಿಂದ ಮೇಲೆ ಬಿಳುಚಿದ ತೆಳ್ಳನೆ ದಂಟು. ಅದರ ಮೇಲೆ, ಕೆಸರು ಮುಗಿಯುವ ಕಡೆ, ಒಂದು ಗಿಣ್ಣಿನಲ್ಲಿ ಚಿಕ್ಕ ಚಿಕ್ಕ ಬಿಳಿ ಬೇರುಗಳು ಹೊಸದಾಗಿ ಮೂಡುತ್ತಿದ್ದವು.

"ನಿಮ್ಮ ಮೆಣಸಿನ ಹೊಲದಾಗ ಬೇರು ಯಾತಕ್ಕ ಕೆಳಗ ಹೋಗತೈತಿ?"

"ನೀರಿಗೆ. ಮ್ಯಾಲ ಒಣಗತೈತಿ, ಕೆಳಗ ಹಸಿ ಇರತೈತಿ. ಅದಕ್ಕ ನಾವು ಆಳ ಇಳಿಸಿ ಒತ್ತೋದು."

"ಇಲ್ಲಿ ನೀರು ಎಲ್ಲೈತಿ?"

ಯಮನೂರಮ್ಮ ತನ್ನ ಕಾಲು ನೋಡಿಕೊಂಡಳು. ಪಾದ ಮುಳುಗುವಷ್ಟು ನೀರಿತ್ತು.

"ಇಲ್ಲಿ ಅದಕ್ಕ ನೀರಿನ ಚಿಂತಿ ಇಲ್ಲ," ಎಂದಳು ಶೋಭಾರಾಣಿ. "ಉಸಿರಿನ ಚಿಂತಿ. ಕೆಸರಿನ ಮ್ಯಾಲಿನ ಪದರದಾಗ ಒಂದೀಟು ಗಾಳಿ ಇರತೈತಿ, ಆಳಕ್ಕ ಏನೂ ಇರಂಗಿಲ್ಲ. ನೀ ಕೆಳಗ ತುರುಕಿದ ಬೇರು ಕೊಳೀತು. ಗಿಡ ಪಾಪ ಮ್ಯಾಲ ಬಂದು ಮತ್ತ ಮೊದಲಿಂದ ಬೇರು ಬಿಡಾಕತ್ತೈತಿ. ಇದ್ದ ಶಕ್ತಿ ಎಲ್ಲಾ ಅದಕ್ಕ ಹೋತು, ಮರಿ ಹ್ಯಾಂಗ ಒಡೀಬೇಕು?"

"ಗಟ್ಟಿ ನಿಂದ್ರಲಿ ಅಂತ ಮಾಡಿದೆರೀ."

"ನಿಂದ್ರೋದು ಅದರ ಕೆಲಸ, ನಿಂದಲ್ಲ. ನಿಂದ್ರೋದು, ಕುಡಿಯೋದು, ತಿನ್ನೋದು ಎಲ್ಲಾ ಆ ಒಂದು ಬೇರಿಲೆ. ನೀ ನಿಂದ್ರಿಸಿದಿ, ಬಾಯಿ ಮುಚ್ಚಿದಿ."

ಯಮನೂರಮ್ಮ ಕರ್ರಗಾದ ಬೇರನ್ನು ಬೆರಳಲ್ಲಿ ಹಿಸುಕಿ ನೋಡಿದಳು. ಆಮೇಲೆ ಕೇಳಿದಳು: "ಪೂರಾ ಹೋತೇನ್ರಿ ಬೆಳಿ?"

"ಹೋಗಂಗಿಲ್ಲ. ನೀರು ಹೊರಗ ಬಿಟ್ಟು, ಮಣ್ಣು ಸೀಳು ಬಿಡೋತನಕ ಆರಿಸ್ತೀನಿ. ಈ ಮ್ಯಾಲಿನ ಬೇರು ಹಿಡಕೊಂಡ್ರ ಬೆಳೀತೈತಿ, ತಡ ಆಗಿ." ಮುದುಕಿ ಎದ್ದು ಸೀರೆ ಕೊಡವಿದಳು. "ಮೀಸಿದು ನನಗ ಗೊತ್ತಿಲ್ಲ."

ಮೀಸೆಯ ಸುದ್ದಿ ಬಂಗಾಲಿ ಕ್ಯಾಂಪಿನ ತನಕ ಹಬ್ಬಿತ್ತು.

ಅವತ್ತು ಯಮನೂರಮ್ಮ ಸಂಜೆಯವರೆಗೂ ಮಾತಾಡದೆ ಕಳೆ ತೆಗೆದಳು. ಯಾರ ಸಾಲನ್ನೂ ಹಿಂದಿರುಗಿ ನೋಡಲಿಲ್ಲ. "ಅಲ್ಲಾಭಕ್ಷ್‌ಗೆ ಹೇಳ್ರಿ, ಹೋಗೂಮುಂದ ಗಾಡಿ ದವಾಖಾನಿ ಕಡೆ ಹೊಡಿಯಂತ," ಎಂದಳು ಮೆಹಬೂಬ್‌ಬೀ. ಲಕ್ಷ್ಮಿದೇವಿ ಗೆದ್ದವಳ ದೊಡ್ಡತನದಿಂದ ಬೆಳೆಯ ಮಾತೇ ಎತ್ತಲಿಲ್ಲ. ಟಂಟಂ ಹೊರಡುವಾಗ ಮಾತ್ರ ಹತ್ತಿರ ಬಂದು, "ಅಕ್ಕಾ, ಅಮಾಸಿಗೆ ಕೆಲಸ ಇರಂಗಿಲ್ಲ. ಮೀಸಿ ಮಾವನ್ನ ನೋಡಾಕ ಬರ್ತೀವಿ," ಎಂದಳು.

ಮನೆಯಲ್ಲಿ ಯಮನೂರಮ್ಮ ಬೇರೆ ಹೆಂಗಸಾದಳು. ಪಂಪಣ್ಣ ಅಡವಿಯಿಂದ ಬರುವಷ್ಟರಲ್ಲಿ ಬಿಸಿನೀರು ಕಾದಿತ್ತು. ರೊಟ್ಟಿಯ ಜೊತೆ ಎಣ್ಣೆಗಾಯಿ ಬಂತು, ಮರುದಿನ ತತ್ತಿ ಬಂತು. ಬುತ್ತಿಯ ಗಂಟು ಒಂದೇ ಎಳೆತಕ್ಕೆ ಬಿಚ್ಚಿತು. ಮೂರನೆಯ ದಿನ ಅವಳೇ ಹರಳೆಣ್ಣೆಯ ಬಾಟಲಿ ತಂದು ಎದುರು ಕುಳಿತು ಅವನ ಮೀಸೆಗೆ ಎಣ್ಣೆ ಹಚ್ಚಿ ತೀಡತೊಡಗಿದಾಗ ಅವನು ಅವಳ ಕೈ ಹಿಡಿದ.

"ಲೇ ಯಮನೂರಿ. ಹಿಂಗ ಮೈ ತಿಕ್ಕಿ ಎಣ್ಣಿ ಹಚ್ಚಿ ನಾ ಹೋತಗಳನ್ನ ಸಂತಿಗೆ ಒಯ್ಯೋದು. ನನ್ನ ಯಾರಿಗೆ ಮಾರಿದಿ, ಹೇಳು."

"ಪೂರಾ ನಿನ್ನ ಅಲ್ಲ," ಎಂದಳು. "ಮೀಸಿ ಅಷ್ಟ."

ಎಲ್ಲವನ್ನೂ ಹೇಳಿದಳು. ಕೆಸರು, ಕಾಲುವೆ, ಲಕ್ಷ್ಮಿದೇವಿಯ ಸೊಕ್ಕು, ಬಂಗಾಲಿ ಮುದುಕಿಯ ಮಾತು ಎಲ್ಲ ಬಂದವು. ತನ್ನ ಮುಷ್ಟಿಯ ಸುದ್ದಿ ಮಾತ್ರ ಬರಲಿಲ್ಲ. ಪಂಪಣ್ಣ ಮೀಸೆಯ ಒಂದು ತುದಿ ತಿರುವಿದ. ಆಮೇಲೆ ಇನ್ನೊಂದು ತುದಿ.

"ಮೀಸಿ ನಂದೈತಲ್ಲ."

"ಎಣ್ಣಿ ನಂದು," ಎಂದಳು, ಆದರೆ ದನಿಯಲ್ಲಿ ಕಸುವಿರಲಿಲ್ಲ. "ಕೊಡಲಿಲ್ಲಾಂದ್ರ ಕಾಲುವಿ ಕಡೆ ನಮ್ಮನ್ನ ಯಾರೂ ಕರಿಯಂಗಿಲ್ಲ. ನಾ ಒಬ್ಬಾಕಿ ಅಲ್ಲ, ಗುಂಪಿಗೆ ಗುಂಪ ಕುಂಡ್ರಬೇಕು."

"ಆಕಿ ಬರ್ಲಿ," ಎಂದ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸಂತೆಯಲ್ಲಿ ವ್ಯಾಪಾರಿಗಳು ಪಡುತ್ತಿದ್ದ ಸಂಕಟ ಏನೆಂದು ಅವಳಿಗೆ ಆಗ ತಿಳಿಯಿತು.

ಮೆಹಬೂಬ್‌ಬೀ ಒಂದು ದಾರಿ ಹೇಳಿಕೊಟ್ಟಳು: ಪಂಪಣ್ಣ ಕುರಿ ಹೊಡೆದುಕೊಂಡು ದೂರ ಹೋಗಿದ್ದಾನೆ, ಸುಗ್ಗಿಗೇ ಬರುವುದು ಎಂದುಬಿಡು. ಯಮನೂರಮ್ಮ ಒಪ್ಪಲಿಲ್ಲ. ಸತ್ಯದ ಮೇಲಿನ ಪ್ರೀತಿಗಲ್ಲ. "ಸುಳ್ಳು ಸಿಕ್ಕಿಬಿದ್ರ ಆಕಿ ಮುಂದ ಎರಡನೇ ಸಲ ಸೋತಂಗ ಆಗತೈತಿ. ಒಂದ ಸಲ ಸಾಕು," ಎಂದಳು.

ಅಮಾವಾಸ್ಯೆಯ ದಿನ ಅಲ್ಲಾಭಕ್ಷ್‌ನ ಟಂಟಂನಲ್ಲೇ ಲಕ್ಷ್ಮಿದೇವಿಯ ಗುಂಪು ಬಂದು ಇಳಿಯಿತು. ಎರಡೂ ಕಡೆಯಿಂದ ಬಾಡಿಗೆ ಸಿಕ್ಕ ಖುಷಿಗೆ ಅವನು ಊರ ಬಾಗಿಲಿನಿಂದಲೇ ಹಾರ್ನ್ ಬಾರಿಸುತ್ತ ಬಂದಿದ್ದ. ಮನೆಯ ಮುಂದಿನ ಕಟ್ಟೆಯ ಸುತ್ತ ಓಣಿಯ ಜನ ಸೇರಿದರು. ಯಮನೂರಮ್ಮ ಹೇಳಿ ಕಳಿಸಿದ್ದ ಊರ ಕ್ಷೌರದವನು ಪೆಟ್ಟಿಗೆ ಬಿಚ್ಚಿದ. ಪಂಪಣ್ಣ ಯಾರಿಗೂ ಏನೂ ಹೇಳದೆ ಬಂದು ಕಟ್ಟೆಯ ಮೇಲೆ ಕುಳಿತು ಕೊರಳಿಗೆ ಟವೆಲು ಸುತ್ತಿಸಿಕೊಂಡ. ಯಮನೂರಮ್ಮನಿಗೆ ಜೀವ ಬಂದಂತಾಯಿತು. ಕ್ಷೌರದವನು ಬ್ರಷ್ ಆಡಿಸಿ ಮೀಸೆಯನ್ನು ನೊರೆಯಲ್ಲಿ ಮುಳುಗಿಸಿ ಕತ್ತಿ ಎತ್ತಿದ. ಪಂಪಣ್ಣ ಕೈ ಅಡ್ಡ ಹಿಡಿದ.

"ಮೀಸಿ ಕೊಡ್ತೀನಿ. ಆದ್ರ ಯಾಕ ಕೊಡಾಕತ್ತೀನಿ ಅಂತ ಈಕಿ ಬಾಯಿಲೆ ಕೇಳಬೇಕು. ಲಗ್ನ ಆದಾಗಿಂದ ಈಕಿ ಒಂದು ಸಲನೂ ತಪ್ಪಿಲ್ಲ. ಸಾರು ಉಪ್ಪಾದ್ರ ಉಪ್ಪಿಂದು ತಪ್ಪು, ರೊಟ್ಟಿ ಹೊತ್ತಿದ್ರ ಹಂಚಿಂದು ತಪ್ಪು. ಇವತ್ತು ಯಾರದು?"

ಜನ ಯಮನೂರಮ್ಮನ ಕಡೆ ತಿರುಗಿದರು.

"ನೆಲ್ಲು ಏಳಲಿಲ್ಲ, ಅದಕ್ಕ," ಎಂದಳು.

"ಯಾಕ ಏಳಲಿಲ್ಲ?"

"ರಾಡಿ ಸಡಿಲಿತ್ತು."

"ಹಂಗಾದ್ರ ರಾಡಿ ಮೀಸಿ ಬೋಳಸ್ರಿ," ಎಂದು ಪಂಪಣ್ಣ ಟವೆಲು ಬಿಚ್ಚಲು ಹೋದ.

"ನೀರೂ ಬಾಳ ಇತ್ತು."

"ಕಾಲುವಿಗೆ ಮೀಸಿ ಐತೇನು ನೋಡ್ರಿ."

"ಸಸಿನೂ ಎಳೇವು ಇದ್ವು. ಮತ್ತ ಮೆಹಬೂಬ್‌ಬೀ ಕೈ..."

"ನನ್ನ ಹೆಸರು ಎತ್ತಿದ್ರ ಆ ಕತ್ತಿಲೆ ನಿನ್ನ ನಾಲಿಗಿ ಹೆರಸ್ತೀನಿ," ಎಂದಳು ಮೆಹಬೂಬ್‌ಬೀ.

"ಸೋಪು ಒಣಗಾಕತ್ತೈತ್ರಿ," ಎಂದ ಕ್ಷೌರದವನು. "ಗಂಡ ಹೆಂಡ್ತಿ ಮಾತು ಮುಗಸ್ಕೊಂಡು ನನ್ನ ಕರದಿದ್ರ ಆಗ್ತಿತ್ತು."

ಯಮನೂರಮ್ಮ ಸುತ್ತ ನೋಡಿದಳು. ತಾನು ಎಲೆ ಜಗ್ಗಿ ಜಗ್ಗಿ ಅಳಿಸಿದ ಹೆಂಗಸರೆಲ್ಲ ಅಲ್ಲಿದ್ದರು. ಯಾರೂ ನಗುತ್ತಿರಲಿಲ್ಲ, ನಗುವುದನ್ನು ಹಲ್ಲಿನ ಹಿಂದೆ ಹಿಡಿದುಕೊಂಡಿದ್ದರು. ಮುಂದಿನ ನಾಟಿಗೆ ಇವರೆಲ್ಲ ಎಲ್ಲಿಗೆ ಹೋಗಬೇಕು ಎನ್ನುವುದು ಈಗ ಅವಳ ಬಾಯಲ್ಲಿತ್ತು. ಮೀಸೆ ಕೊಡುವುದು ಸುಲಭ, ಅದು ಇನ್ನೊಬ್ಬರದು. 

"ಬೇರು ಆಳ ಹೋತು," ಎಂದಳು.

"ತಾನ ಹೋತೇನು?"

ಯಾರದೋ ಕೂಸು ಅತ್ತಿತು, ತಾಯಿ ಅದರ ಬಾಯಿಗೆ ಸೆರಗು ಕೊಟ್ಟಳು.

"ನಾ ಒತ್ತಿದೆ," ಎಂದಳು ಯಮನೂರಮ್ಮ. "ಬ್ಯಾಡ ಅಂತ ಈಕಿ ಹೇಳಿದ್ಲು, ಕೇಳಲಿಲ್ಲ. ಮೆಣಸಿನ ಹೊಲ ಅಂತ ತಿಳಕೊಂಡು ಒತ್ತಿದೆ. ಒತ್ತಬಾರದಿತ್ತು."

"ಏನಂದಿ? ಹಿಂದಿನೋರಿಗೆ ಕೇಳಲಿಲ್ಲ," ಎಂದಿತು ಒಂದು ದನಿ.

"ಒತ್ತಬಾರದಿತ್ತು ಅಂದೆ. ಕಿವ್ಯಾಗ ನೆಲ್ಲು ಹಚ್ಚೀರೇನು?"

ಲಕ್ಷ್ಮಿದೇವಿ ಮುಂದೆ ಬಂದು ಅವಳ ಕೈ ಹಿಡಿದಳು. "ಸಾಕು ಬಿಡಕ್ಕಾ, ಇಷ್ಟು ನಾನೂ ಕೇಳಿದ್ದಿಲ್ಲ. ಎರಡನೇ ಬೆಳಿ ನಾಟಿಗೆ ಗುಂಪು ಕರಕೊಂಡು ಬಾ, ನನ್ನ ಪಕ್ಕದಾಗ ಹಚ್ಚೀಯಂತ. ಮಾವನ ಮೀಸಿ ಇರ್ಲಿ."

"ಇರ್ಲಿ ಅಂದ್ರ ಹ್ಯಾಂಗ," ಎಂದ ಕ್ಷೌರದವನು.

ಎಲ್ಲರೂ ಅತ್ತ ನೋಡಿದರು. 'ಒತ್ತಬಾರದಿತ್ತು' ಎಂಬ ಮಾತು ಬಿದ್ದದ್ದೇ ಬಾಬತ್ತು ಮುಗಿಯಿತೆಂದು ಅವನು ಸೋಪು ಒಣಗುವ ಮೊದಲೇ ಬಲಗಡೆಯ ಅರ್ಧ ಮೀಸೆಯನ್ನು ಇಳಿಸಿಬಿಟ್ಟಿದ್ದ. ಎಡಗಡೆಯ ಅರ್ಧ ಒಂಟಿಯಾಗಿ ಕಿವಿಯ ಕಡೆ ತಿರುಗಿ ನಿಂತಿತ್ತು. ಹಿಡಿದಿಟ್ಟ ನಗು ಆಗ ಕಟ್ಟೆ ಒಡೆಯಿತು. ಅಲ್ಲಾಭಕ್ಷ್ ಟಂಟಂನ ಚಕ್ರ ಹಿಡಿದುಕೊಂಡು ಕುಳಿತುಬಿಟ್ಟ. ಪಂಪಣ್ಣ ಬಲಗಡೆ ಕೈಯಾಡಿಸಿ, ಎಡಗಡೆ ಕೈಯಾಡಿಸಿ, "ಅದನ್ನೂ ತಗಿ," ಎಂದ.

ಮುಗಿದ ಮೇಲೆ ಕ್ಷೌರದವನು ಟವೆಲಿನಿಂದ ಮುಖ ಒರೆಸಿ ಪಕ್ಕಕ್ಕೆ ಸರಿದ. ಯಮನೂರಮ್ಮ ಗಂಡನ ಮುಖ ನೋಡಿದಳು. ಮದುವೆಯಲ್ಲೂ ಆ ಮೇಲ್ತುಟಿಯನ್ನು ಅವಳು ಕಂಡಿರಲಿಲ್ಲ. ಬಾಸಿಂಗದ ಕೆಳಗೆ ಆಗಲೇ ಮೀಸೆ ಇತ್ತು. ತುಟಿ ಬೆಳ್ಳಗೆ, ಉದ್ದವಾಗಿ, ಒಂದು ಕಡೆ ತುಸು ಕೆಳಗೆ ಜಗ್ಗಿತ್ತು. ಸಾರಿನ ರುಚಿ ನೋಡಿ ಒಂದು ಮಾತೂ ಆಡದೆ ತಟ್ಟೆ ಸರಿಸುವವರ ತುಟಿ. ಸೊಸೆಯ ಏಳು ತಲೆಮಾರನ್ನು ಒಂದು ನೋಟದಲ್ಲಿ ಅಳೆದು ಇಷ್ಟೇನಾ ಎನ್ನುವವರ ತುಟಿ. ಸತ್ತು ಎಷ್ಟೋ ವರ್ಷವಾದ ಅವಳ ಅತ್ತೆ, ಕೊರಳಿಗೆ ಟವೆಲು ಸುತ್ತಿಕೊಂಡು, ಕಟ್ಟೆಯ ಮೇಲೆ ಕುಳಿತಿದ್ದಳು.

"ಹ್ಯಾಂಗ ಕಾಣ್ತೀನಿ?" ಎಂದು ಪಂಪಣ್ಣ ಕೇಳಿದ.

ಯಮನೂರಮ್ಮನ ಕೈ ತಾನಾಗಿಯೇ ಎದ್ದು ಸೆರಗನ್ನು ತಲೆಯ ಮೇಲೆ ಎಳೆಯಿತು.

"ಚಾ ಮಾಡಿ ತರ್ತೀನ್ರಿ," ಎಂದು, ತಲೆ ತಗ್ಗಿಸಿ ಒಳಗೆ ಹೋದಳು.